ಬಾಯಿ ನೋಡಿ ಕಡಿವಾಣ

ಕುದುರೆಯ ಬಾಯಿಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಬಯಲಿದೆ. ಸಾವಿರಾರು ವರ್ಷಗಳಿಂದ ಮನುಷ್ಯ ತನಗಿಂತ ಎಷ್ಟೋ ಪಟ್ಟು ತೂಕದ ಈ ಪ್ರಾಣಿಯನ್ನು ತಿರುಗಿಸಿದ್ದು, ನಿಲ್ಲಿಸಿದ್ದು, ಯುದ್ಧಕ್ಕೆ ಒಯ್ದದ್ದು, ಮದುವೆ ಮೆರವಣಿಗೆಯಲ್ಲಿ ಕುಣಿಸಿದ್ದು ಎಲ್ಲವೂ ಬಹುಮಟ್ಟಿಗೆ ಆ ಬಯಲಲ್ಲಿ ಕೂರುವ, ಬಿಟ್ ಎಂಬ ಒಂದು ಸರಳಿನ ಬಲದಿಂದ. ಕೆಳದವಡೆಯ ಆ ಜಾಗವನ್ನು ಬೆರಳಿನಿಂದ ಸವರಿದರೆ ಸಂಗತಿ ಅರ್ಥವಾಗುತ್ತದೆ. ಮೇಲೆ ತೆಳ್ಳನೆಯ ವಸಡು, ಅದರಡಿಯಲ್ಲೇ ಅಂಚು ಕಿರಿದಾದ ಮೂಳೆ. ನಡುವೆ ಮೆತ್ತೆ ಎನ್ನುವಂಥದ್ದು ಏನೂ ಇಲ್ಲ. ಕತ್ತಲಲ್ಲಿ ಮಂಚದ ಅಂಚಿಗೆ ಮೊಣಕಾಲ ಕೆಳಗಿನ ಎಲುಬನ್ನು ತಾಗಿಸಿಕೊಂಡವರಿಗೆ ಈ ರಚನೆಯನ್ನು ಹೆಚ್ಚು ವಿವರಿಸಬೇಕಿಲ್ಲ.

ಸವಾರಿ ಕಲಿಸುವ ಕಡೆಯೆಲ್ಲ ಎರಡು ಮಾತು ಕೇಳಿಬರುತ್ತವೆ: ಈ ಕುದುರೆಯ ಬಾಯಿ ಬಲು ಸೂಕ್ಷ್ಮ, ಆ ಕುದುರೆಯದು ಕಲ್ಲುಬಾಯಿ. ಎರಡನ್ನೂ ಹುಟ್ಟುಗುಣವೆಂಬಂತೆ ಹೇಳುವುದು ರೂಢಿ. ಹುಟ್ಟುವಾಗ ಯಾವ ಕುದುರೆಯ ಬಾಯಿಯೂ ಕಲ್ಲಾಗಿರುವುದಿಲ್ಲ. ಕಲ್ಲುಬಾಯಿ ಎನಿಸಿಕೊಂಡದ್ದು ಹೆಚ್ಚಿನ ಸಲ ಎಳೆತಕ್ಕೆ ಉತ್ತರ ಕೊಡುವುದನ್ನೇ ಬಿಟ್ಟ ಬಾಯಿ. ಸೂಕ್ಷ್ಮ ಎನಿಸಿಕೊಂಡದ್ದು ಇನ್ನೂ ದೂರು ಹೇಳುತ್ತಿರುವ ಬಾಯಿ. ಆ ದೂರಿಗೆ ನಾನಾ ರೂಪ. ತಲೆ ಕೊಡವುವುದು, ಬಾಯಿ ತೆರೆದುಕೊಂಡೇ ಓಡುವುದು, ನಾಲಿಗೆಯನ್ನು ಒಂದು ಬದಿಗೆ ಇಳಿಬಿಡುವುದು ಅಥವಾ ಸರಳಿನ ಮೇಲಕ್ಕೆ ಎಳೆದುಕೊಳ್ಳುವುದು, ಗದ್ದವನ್ನು ಎದೆಗೆ ಒತ್ತಿ ಲಗಾಮಿನಿಂದ ತಪ್ಪಿಸಿಕೊಳ್ಳುವುದು, ಹಲ್ಲು ಮಸೆಯುವುದು, ಬೆಳಗ್ಗೆ ಕಡಿವಾಣ ಕಂಡೊಡನೆ ಮೂತಿಯನ್ನು ಮೇಲೆತ್ತಿಬಿಡುವುದು. ಇವುಗಳಲ್ಲಿ ಕೆಲವು ಬೆನ್ನುನೋವಿನಿಂದಲೂ ಬರಬಹುದು, ಸರಿಯಾಗಿ ಕೂರದ ಜೀನಿನಿಂದಲೂ ಬರಬಹುದು. ಆದರೆ ಮಾಲೀಕ ಮೊದಲು ಹೋಗುವುದು ಅಂಗಡಿಗೆ, ಹೊಸ ಬಿಟ್ ತರಲು.

ಬೆಂಗಳೂರಿನಂಥ ಊರಿನಲ್ಲಿ ಈ ಸಮಸ್ಯೆಗೆ ಒಂದು ವಿಶೇಷ ಮುಖವಿದೆ. ರೇಸ್ ಕೋರ್ಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು ಸವಾರಿ ಶಾಲೆಗಳಿಗೆ, ಹವ್ಯಾಸಿಗಳ ಲಾಯಗಳಿಗೆ ಬರುವುದು ಭಾರತದಲ್ಲೆಲ್ಲ ವಾಡಿಕೆ. ರೇಸಿನ ಕುದುರೆಯ ಬಾಯಿಗೆ ಮೊದಲು ಬಿಟ್ ಬೀಳುವುದು ಎಳೆ ವಯಸ್ಸಿನಲ್ಲಿ. ಎರಡು ವರ್ಷಕ್ಕೇ ಓಟಕ್ಕೆ ಇಳಿಯುವುದುಂಟು. ಕುದುರೆಯ 24 ಹಾಲುಹಲ್ಲುಗಳು ಉದುರಿ ಹೊಸ ಹಲ್ಲು ಮೂಡುವುದು ಸುಮಾರು ಎರಡೂವರೆಯಿಂದ ಐದು ವರ್ಷದ ನಡುವೆ. ಅಂದರೆ ಅದರ ಓಟದ ಬದುಕಿನ ಬಹುಭಾಗ ಬಾಯಿಯೊಳಗೆ ಹಲ್ಲು ಅಲ್ಲಾಡುತ್ತಲೋ ವಸಡು ಊದುತ್ತಲೋ ಇರುವ ಕಾಲ. ಅದರ ಮೇಲೆ ಪಾಠವೂ ಬೇರೆ. ಟ್ರ್ಯಾಕಿನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದರೆ ಕುದುರೆ ಅದಕ್ಕೆ ಆತು ವೇಗ ಹೆಚ್ಚಿಸಲು ಕಲಿತಿರುತ್ತದೆ. ಅದೇ ಕುದುರೆಯ ಮೇಲೆ ಮುಂದೊಂದು ದಿನ ಹೊಸ ಕಲಿಕೆಯ ಹುಡುಗನೊಬ್ಬ ಹತ್ತಿ, ಹೆದರಿ, ನಿಲ್ಲಲೆಂದು ಲಗಾಮು ಎಳೆಯುತ್ತಾನೆ. ಅದು ಓಡುತ್ತದೆ. ಅವನು ಇನ್ನೂ ಎಳೆಯುತ್ತಾನೆ, ಅದು ಇನ್ನೂ ಓಡುತ್ತದೆ. ಸಂಜೆಗೆ ಆ ಕುದುರೆಗೆ ಒಂದು ಹೆಸರು ಬಿದ್ದಿರುತ್ತದೆ, ಮರುದಿನ ಇನ್ನಷ್ಟು ಗಡುಸಾದ ಬಿಟ್.

ಅಂಗಡಿಗೂ ಮೊದಲು ನೋಡಬೇಕಾದ್ದು ಹಲ್ಲು. ಕುದುರೆಯ ದವಡೆಹಲ್ಲು ಬದುಕಿನುದ್ದಕ್ಕೂ ವರ್ಷಕ್ಕೆ ಎರಡು ಮೂರು ಮಿಲಿಮೀಟರ್‌ನಂತೆ ಮೇಲೆ ಬರುತ್ತಲೇ ಇರುತ್ತದೆ, ಮೇವು ಅರೆದಂತೆ ಸವೆಯುತ್ತಲೇ ಇರುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲ. ಹೀಗಾಗಿ ಸವೆತ ಸಮನಾಗಿರದೆ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನ ಹಲ್ಲುಗಳ ಒಳ ಅಂಚು ಚೂಪಾಗುತ್ತವೆ. ಲಗಾಮು ಎಳೆದಾಗ, ಮೂಗುಪಟ್ಟಿ ಬಿಗಿದಾಗ ಕೆನ್ನೆಯ ಒಳಭಾಗ ಆ ಚೂಪಿಗೆ ಒತ್ತಿ ಹುಣ್ಣಾಗುತ್ತದೆ. ಹಸಿ ಹುಲ್ಲಿಗಿಂತ ಕೈತಿಂಡಿ ಹೆಚ್ಚು ತಿಂದು ಲಾಯದಲ್ಲೇ ನಿಲ್ಲುವ ನಗರದ ಕುದುರೆಗಳಲ್ಲಿ ಇದನ್ನು ಗಮನಿಸುತ್ತಿರಲೇಬೇಕು. ಇದರ ಜೊತೆಗೆ ಕೆಲವು ಕುದುರೆಗಳಲ್ಲಿ ದವಡೆಹಲ್ಲಿನ ಸಾಲಿಗೆ ಮುಂಚೆ ಒಂದು ಪುಟ್ಟ ಹಲ್ಲಿರುತ್ತದೆ. ಇಂಗ್ಲಿಷಿನವರು ಅದಕ್ಕೆ ತೋಳಹಲ್ಲು ಎನ್ನುತ್ತಾರೆ. ತಿನ್ನುವುದಕ್ಕೆ ಕೆಲಸಕ್ಕೆ ಬಾರದ ಹಲ್ಲು. ಆದರೆ ಬಿಟ್ ಕೂರುವ ಹಾದಿಯಲ್ಲೇ ಇರುತ್ತದೆ. ಗಂಡು ಕುದುರೆಗಳಲ್ಲಿ ಬಯಲಿನ ಮುಂಭಾಗಕ್ಕೆ ಕೋರೆಹಲ್ಲು ಬೇರೆ ಬರುತ್ತದೆ. ವರ್ಷಕ್ಕೊಮ್ಮೆ, ಎಳೆಯ ಕುದುರೆಗಾದರೆ ಆರು ತಿಂಗಳಿಗೊಮ್ಮೆ, ಪಶುವೈದ್ಯರು ಬಾಯಿ ತೆರೆಸಿ ನೋಡಿ ಚೂಪನ್ನು ಅರದಿಂದ ಉಜ್ಜಿ ಸಮ ಮಾಡಬೇಕು. ಈ ಕೆಲಸ ಆಗದೆ ಎಂಥ ದುಬಾರಿ ಬಿಟ್ ತಂದರೂ ಹುಣ್ಣಿನ ಮೇಲೆ ಹೊಸ ಲೋಹ ಇಟ್ಟಂತಷ್ಟೇ.

ಹೊರಗಿನಿಂದ ನೋಡಿದರೆ ಸಾಲದು ಎನ್ನುವುದಕ್ಕೆ ಫಿನ್ಲೆಂಡಿನಿಂದ ಗಟ್ಟಿ ಸಾಕ್ಷ್ಯವಿದೆ. ಅಲ್ಲಿ ಗಾಡಿಗೆ ಕಟ್ಟಿ ಓಡಿಸುವ ಟ್ರಾಟಿಂಗ್ ರೇಸ್ ಜನಪ್ರಿಯ. ಪಶುವೈದ್ಯೆ ಕಾಟಿ ಟುಒಮೊಲಾ ಮತ್ತು ಸಂಗಡಿಗರು ಓಟ ಮುಗಿಸಿ ಬಂದ 261 ಕುದುರೆಗಳ ಬಾಯಿಯೊಳಗೆ, ಬಿಟ್ ಕೂರುವ ಜಾಗವನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಶೇ 84ರಷ್ಟು ಕುದುರೆಗಳಲ್ಲಿ ಹಸಿ ಗಾಯ ಇತ್ತು. ಬಾಯಿಯ ಹೊರಗೆ ರಕ್ತ ಕಂಡದ್ದು ಮಾತ್ರ ಬೆರಳೆಣಿಕೆಯಷ್ಟರಲ್ಲಿ. ಅದೇ ವರ್ಷ ಪ್ರಕಟವಾದ, ಡೆನ್ಮಾರ್ಕಿನ ಸ್ಪರ್ಧೆಗಳಲ್ಲಿ 3,143 ಕುದುರೆಗಳ ಕಟವಾಯಿಯನ್ನು ನೋಡಿ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಗಾಯ ಅಥವಾ ರಕ್ತ ಕಂಡದ್ದು ಶೇ 9.2ರಲ್ಲಿ. ಎರಡೂ ಬೇರೆ ಬೇರೆ ಕ್ರೀಡೆ, ಬೇರೆ ಕುದುರೆಗಳು. ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಆದರೂ ತುಟಿಯ ಮೂಲೆಯನ್ನಷ್ಟೇ ನೋಡಿ ‘ಎಲ್ಲ ಸರಿಯಿದೆ’ ಎನ್ನುವ ಲಾಯದವರು ಫಿನ್ಲೆಂಡಿನ ಅಂಕಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನು ಬಿಟ್‌ನ ಮಾತು. ಸವಾರರಲ್ಲಿ ಬೇರೂರಿರುವ ನಂಬಿಕೆ ಒಂದಿದೆ: ಸರಳು ದಪ್ಪವಾದಷ್ಟೂ ಕುದುರೆಗೆ ಹಿತ. ತರ್ಕ ಸರಳ. ತೆಳುವಾದದ್ದು ಕೊರೆಯುತ್ತದೆ, ದಪ್ಪದ್ದು ಒತ್ತಡವನ್ನು ಹರಡುತ್ತದೆ. ಅರ್ಧ ಸತ್ಯ. ಈ ತರ್ಕ ಕುದುರೆಯ ಬಾಯಿ ಒಳಗೆ ಖಾಲಿ ಇದೆ ಎಂದು ಭಾವಿಸಿಕೊಂಡಿದೆ. 1980ರ ದಶಕದಲ್ಲಿ ಹಿಲರಿ ಕ್ಲೇಟನ್ ಎಂಬ ಪಶುವೈದ್ಯೆ ಎಕ್ಸ್-ರೇ ತಂತ್ರದಿಂದ ಬಾಯಿಯೊಳಗೆ ಬಿಟ್ ಹೇಗೆ ಕೂರುತ್ತದೆ, ಲಗಾಮು ಎಳೆದಾಗ ಹೇಗೆ ಚಲಿಸುತ್ತದೆ ಎಂದು ನೋಡಿದರು. ಆ ಮೇಲೆ ಜರ್ಮನಿಯ ಅಂಗರಚನಾ ಅಧ್ಯಯನಗಳೂ ಬಂದವು. ಎಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಬಾಯಿ ಮುಚ್ಚಿದಾಗ ನಾಲಿಗೆ ಒಳಗಿನ ಜಾಗವನ್ನು ಬಹುತೇಕ ತುಂಬಿಕೊಂಡಿರುತ್ತದೆ. ಬಿಟ್‌ಗೆಂದು ಪ್ರಕೃತಿ ಜಾಗ ಬಿಟ್ಟಿಲ್ಲ. ಅದು ನಾಲಿಗೆಯನ್ನು ಅದುಮಿಯೇ ಕೂರಬೇಕು. ನಾಲಿಗೆ ದಪ್ಪ, ಅಂಗುಳ ತಗ್ಗು ಇರುವ ಕುದುರೆಗೆ 20 ಮಿಲಿಮೀಟರಿನ ಮೆತ್ತನೆಯ ರಬ್ಬರ್ ಬಿಟ್ ಹಾಕಿದರೆ ಅದಕ್ಕೆ ಬಾಯಿ ಮುಚ್ಚುವುದೇ ಕಷ್ಟ. ಬಾಯಿ ತೆರೆದುಕೊಂಡು ಓಡುತ್ತದೆ. ಆಗ ಸವಾರ ಮೂಗುಪಟ್ಟಿಯನ್ನು ಇನ್ನೊಂದು ತೂತು ಬಿಗಿಯುತ್ತಾನೆ.

ಟುಒಮೊಲಾ ತಂಡ ಮುಂದೆ 2021ರಲ್ಲಿ ಇವೆಂಟಿಂಗ್ ಎಂಬ ಬಹುಹಂತದ ಸ್ಪರ್ಧೆಯ 208 ಕುದುರೆಗಳ ವರದಿ ಕೊಟ್ಟಾಗ ಇದೇ ಎದ್ದು ಕಂಡಿತು. 14ರಿಂದ 17 ಮಿಲಿಮೀಟರ್ ದಪ್ಪದ ಬಿಟ್ ಹಾಕಿದ ಕುದುರೆಗಳಿಗಿಂತ ಅದಕ್ಕೂ ತೆಳುವಾದದ್ದು ಹಾಕಿದವುಗಳಲ್ಲಿ ದೊಡ್ಡ ಗಾಯದ ಸಾಧ್ಯತೆ ಹೆಚ್ಚಿತ್ತು. ಅದಕ್ಕೂ ದಪ್ಪನಾದದ್ದು ಹಾಕಿದವುಗಳಲ್ಲೂ ಹೆಚ್ಚಿತ್ತು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ, ಡ್ರೆಸಾಜ್ ಎಂಬ ಶಿಸ್ತಿನ ನಡಿಗೆಯ ಸ್ಪರ್ಧೆಯಲ್ಲಿ, ಸನ್ನೆಕೋಲಿಲ್ಲದ ಸಾದಾ ಬಿಟ್ ಆದ ಸ್ನ್ಯಾಫಲ್‌ಗೆ ಕುದುರೆಗಾದರೆ ಕನಿಷ್ಠ 14 ಮಿಲಿಮೀಟರ್, ಪೋನಿಗಾದರೆ 10 ಎಂದು ಮಿತಿ ಹಾಕಿದೆ. ಸಣ್ಣ ಮೂತಿಯ ಮಾರ್ವಾಡಿ, ಕಾಠಿಯಾವಾಡಿ ಅಥವಾ ಅರಬ್ಬಿ ತಳಿಯ ಕುದುರೆಗೆ ವಿದೇಶಿ ಕ್ಯಾಟಲಾಗ್ ನೋಡಿ ದಪ್ಪದ ಬಿಟ್ ತರಿಸುವವರು ಮೊದಲು ಅದರ ತುಟಿ ಎತ್ತಿ, ನಾಲಿಗೆ ಹಲ್ಲಿನ ಸಾಲಿನಿಂದ ಹೊರಗೆ ಉಬ್ಬಿದೆಯೇ ಎಂದು ನೋಡಲಿ. ಉಬ್ಬಿದ್ದರೆ ಅಲ್ಲಿ ದಪ್ಪಕ್ಕೆ ಜಾಗವಿಲ್ಲ.

ಆಕಾರದ ವಿಷಯದಲ್ಲಿ ಹೆಸರುಗಳ ಕಾಡೇ ಇದೆ, ಆದರೆ ಒಳಗಿನ ಲೆಕ್ಕ ಸುಲಭ. ನಡುವೆ ಒಂದೇ ಕೀಲಿರುವ ಸ್ನ್ಯಾಫಲ್ ಲಗಾಮು ಎಳೆದಾಗ ಮಡಚಿಕೊಂಡು ನಾಲಿಗೆಯನ್ನೂ ವಸಡಿನ ಅಂಚನ್ನೂ ಇಕ್ಕಳದಂತೆ ಹಿಡಿಯಬಲ್ಲದು. ಎರಡು ಕೀಲು, ನಡುವೆ ಪುಟ್ಟ ಕಾಳಿನಾಕಾರದ ತುಂಡು ಇರುವಂಥದ್ದು ನಾಲಿಗೆಯ ಉಬ್ಬಿಗೆ ಹೊಂದಿಕೊಂಡು ಒತ್ತಡವನ್ನು ಹರಡುತ್ತದೆ. ಸೂಕ್ಷ್ಮ ಬಾಯಿಗೆ ಇಂದು ಮೊದಲು ಪ್ರಯತ್ನಿಸುವುದು ಸಾಮಾನ್ಯವಾಗಿ ಇದನ್ನೇ, ಅದು ಸರಿಯೂ ಹೌದು. ಆದರೆ ನಡುವಿನ ತುಂಡು ಚಪ್ಪಟೆಯಾಗಿದ್ದು ಓರೆಯಾಗಿ ಕೂತರೆ ಅದರ ಅಂಚೇ ನಾಲಿಗೆಗೆ ಒತ್ತುತ್ತದೆ. ಡಾಕ್ಟರ್ ಬ್ರಿಸ್ಟಲ್ ಎಂಬ ಬಿಟ್ ಹಾಗೆಯೇ ಮಾಡಿದ್ದು. ದೂರದಿಂದ ಎರಡು ಕೀಲಿನ ಇನ್ನೊಂದು ಬಿಟ್ ಆದ ಫ್ರೆಂಚ್ ಲಿಂಕ್‌ನ ತಮ್ಮನಂತೆ ಕಂಡರೂ ಗುಣ ಬೇರೆ, ಕೊಳ್ಳುವಾಗ ಹೆಸರು ಕೇಳಿ ತಿಳಿಯುವುದು ಮೇಲು. ಕೀಲೇ ಇಲ್ಲದೆ ತುಸು ಬಾಗಿರುವ ಸರಳು ಒಳಗೆ ಅಲುಗಾಡುವುದಿಲ್ಲ. ಗಡಿಬಿಡಿಯ ಲೋಹಕ್ಕೆ ಅಂಜುವ ಕುದುರೆಗೆ ಅದು ಇಷ್ಟವಾಗಬಹುದು. ನಾಲಿಗೆಯ ಮೇಲೆ ಭಾರ ಸಹಿಸದ ಕುದುರೆಗೆ ಅದೇ ಶಿಕ್ಷೆ. ಅಂಥದ್ದಕ್ಕೆ ನಡುವೆ ಕಮಾನಿನಂತೆ ಎದ್ದು ನಾಲಿಗೆಗೆ ಜಾಗ ಬಿಡುವ ಆಕಾರಗಳಿವೆ. ಕಮಾನು ಅಂಗುಳಕ್ಕೆ ತಾಗದಷ್ಟು ತಗ್ಗಾಗಿರಬೇಕು.

ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಬರೆದ ಗ್ರೀಕ್ ಸೇನಾನಿ ಕ್ಸೆನೊಫೋನ್ ಕೂಡ ಇದೇ ಚಿಂತೆಯಲ್ಲಿದ್ದ. ಒಬ್ಬ ಸವಾರನ ಬಳಿ ನುಣುಪಾದದ್ದೊಂದು, ಒರಟಾದದ್ದೊಂದು ಹೀಗೆ ಎರಡಾದರೂ ಕಡಿವಾಣ ಇರಬೇಕು ಎಂಬುದು ಅವನ ಸಲಹೆ. ಬಿರುಸಾಗಿ ನೇರ ನಿಲ್ಲುವ ಕಡಿವಾಣಕ್ಕಿಂತ ಬಳುಕುವಂಥದ್ದು ಮೇಲು, ಬಿರುಸಾದದ್ದನ್ನು ಕುದುರೆ ಹಲ್ಲಿನಲ್ಲಿ ಕಚ್ಚಿ ಹಿಡಿದುಬಿಡುತ್ತದೆ ಎಂದು ಅವನು ಕಂಡುಕೊಂಡಿದ್ದ. ಅವನ ಒರಟು ಕಡಿವಾಣಕ್ಕೆ ಮುಳ್ಳುಗಳಿದ್ದವು ಎನ್ನುವುದನ್ನೂ ಹೇಳಬೇಕು. ಅವನನ್ನು ಕರುಣೆಯ ಸವಾರಿಯ ಪಿತಾಮಹನೆಂದು ಹೊಗಳುವವರು ಆ ಭಾಗವನ್ನು ಸಾಮಾನ್ಯವಾಗಿ ಹಾರಿಸುತ್ತಾರೆ.

ಬದಿಯ ಬಳೆಗಳೂ ಲೆಕ್ಕಕ್ಕೆ ಬರುತ್ತವೆ. ಸಡಿಲವಾಗಿ ಜಾರುವ ಬಳೆ ಬಿಟ್‌ಗೆ ಜೀವ ಕೊಡುತ್ತದೆ, ಕುದುರೆ ಅದನ್ನು ಬಾಯಾಡಿಸಿಕೊಂಡಿರುತ್ತದೆ. ಆದರೆ ಬಳೆ ಜಾರುವ ತೂತು ಸವೆದು ದೊಡ್ಡದಾದರೆ ಕಟವಾಯಿಯ ಚರ್ಮ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಟ್ಟೆಯಾಕಾರದ ಅಥವಾ ಡಿ ಆಕಾರದ ಸ್ಥಿರ ಬಳೆಯಲ್ಲಿ ಈ ಅಪಾಯವಿಲ್ಲ, ಬಿಟ್ ಕೂಡ ನಿಶ್ಚಲವಾಗಿರುತ್ತದೆ. ನುರಿತ ಕೈಗೆ ಸಡಿಲ ಬಳೆ, ಇನ್ನೂ ಕಲಿಯುತ್ತಿರುವ ಕೈಗೆ ಸ್ಥಿರ ಬಳೆ ಎಂದು ಹೇಳಿದರೆ ಹೆಚ್ಚು ತಪ್ಪಾಗದು.

ಅಳತೆಗೆ ಬೇಕಾದ್ದು ಒಂದು ನುಣುಪಾದ ಮರದ ಕೋಲು. ಬಿಟ್ ಕೂರುವ ಜಾಗದಲ್ಲಿ ಅದನ್ನಿಟ್ಟು ಎರಡೂ ಕಟವಾಯಿಯ ಬಳಿ ಗುರುತು ಹಾಕಿ ಅಳೆದರೆ ಬಾಯಿಯ ಅಗಲ ಸಿಗುತ್ತದೆ. ಬಿಟ್ ಅದಕ್ಕಿಂತ ಸುಮಾರು ಅರ್ಧ ಸೆಂಟಿಮೀಟರ್ ಅಗಲ ಇದ್ದರೆ ಸಾಕು. ಕಿರಿದಾದರೆ ಬಳೆಗಳು ಕೆನ್ನೆಯನ್ನು ಒತ್ತುತ್ತವೆ. ತೀರಾ ಅಗಲವಾದರೆ ಬಿಟ್ ಒಂದು ಬದಿಗೆ ಸರಿದು, ಒಂದೇ ಕೀಲಿನದಾಗಿದ್ದರೆ ಕೀಲು ನಡುವಿನಿಂದ ತಪ್ಪಿ, ಒಂದು ಬದಿಯ ಮೂಳೆಯ ಮೇಲೆ ಕೂರುತ್ತದೆ. ಒಂದು ಕಡೆಗೆ ಮಾತ್ರ ತಿರುಗಲೊಲ್ಲದ ಕುದುರೆಯ ಗುಟ್ಟು ಕೆಲವೊಮ್ಮೆ ಇಷ್ಟೇ. ಎತ್ತರಕ್ಕೆ ಹಳೆಯ ಸೂತ್ರವೊಂದಿದೆ: ಕಟವಾಯಿಯಲ್ಲಿ ಒಂದೆರಡು ಸುಕ್ಕು ಬೀಳಬೇಕು. ತುಟಿ ದಪ್ಪವಿರುವ ಕುದುರೆಗೆ ಬಿಟ್ ಸಡಿಲವಿದ್ದರೂ ಸುಕ್ಕು ಬೀಳುತ್ತದೆ, ತೆಳು ತುಟಿಯದಕ್ಕೆ ಎಳೆದು ಕಟ್ಟಿದರೂ ಬೀಳದಿರಬಹುದು. ಆದ್ದರಿಂದ ಸುಕ್ಕು ಎಣಿಸುವುದಕ್ಕಿಂತ ಸರಳು ಕಟವಾಯಿಗೆ ಹಗುರವಾಗಿ ತಾಗಿಕೊಂಡು, ಕೋರೆಹಲ್ಲಿಗೆ ತಗುಲದೆ ಇದೆಯೇ ಎಂದು ನೋಡುವುದು ಜಾಣತನ. ತುಂಬ ಕೆಳಗಿದ್ದರೆ ಕುದುರೆ ನಾಲಿಗೆಯನ್ನು ಅದರ ಮೇಲಕ್ಕೆ ಎಳೆದುಕೊಳ್ಳಲು ಕಲಿಯುತ್ತದೆ, ಆ ಚಟ ಬಿಡಿಸುವುದು ಕಷ್ಟ.

ಲೋಹದ ಬಗ್ಗೆ ಮಾರಾಟಗಾರರು ಹೇಳುವಷ್ಟು ಹೇಳಲು ಏನಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತದೆ, ತೊಳೆಯಲು ಸುಲಭ. ತಾಮ್ರ ಬೆರೆತದ್ದು, ತುಕ್ಕು ಹಿಡಿಯುವ ಮೆದು ಕಬ್ಬಿಣದ್ದು ಜೊಲ್ಲು ಹೆಚ್ಚಿಸುತ್ತವೆ ಎಂಬ ನಂಬಿಕೆ ವ್ಯಾಪಕ. ತಾಮ್ರ ಮೆದು, ಬೇಗ ಸವೆದು ಅಂಚು ಒರಟಾಗುತ್ತದೆ. ರಬ್ಬರ್ ಒದ್ದೆಯಿದ್ದಾಗ ಹಿತ, ಬಾಯಿ ಒಣಗಿದರೆ ತುಟಿಯನ್ನು ಉಜ್ಜುತ್ತದೆ. ಕುದುರೆ ಅಗಿದ ಗುರುತು ಬಿದ್ದ ದಿನವೇ ಎಸೆಯಬೇಕು.

ತಯಾರಿಕೆಯ ನೇರ್ಪು ಲೋಹಕ್ಕಿಂತ ದೊಡ್ಡ ವಿಷಯ. ಬಿಟ್, ರಿಕಾಪು ಮುಂತಾದ ಕುದುರೆಯ ಲೋಹದ ಸಾಮಾನು ಮಾಡುವವರಿಗೆ ಲಂಡನ್ನಿನಲ್ಲಿ 1261ರಷ್ಟು ಹಿಂದೆಯೇ ಕಟ್ಟಳೆಗಳುಳ್ಳ ಪ್ರತ್ಯೇಕ ಸಂಘವಿತ್ತು. ಅಷ್ಟರಮಟ್ಟಿಗೆ ಅದೊಂದು ಕುಶಲ ಕಸುಬು. ನಮ್ಮಲ್ಲಿ ಕಾನ್ಪುರದ ಜೀನು, ಸರಂಜಾಮುಗಳು ಹೊರದೇಶಗಳಿಗೂ ಹೋಗುತ್ತವೆ, ಒಳ್ಳೆಯ ಸಾಮಾನು ಇಲ್ಲೇ ಸಿಗುತ್ತದೆ. ಅಗ್ಗದ ಎರಕದ ಬಿಟ್‌ಗಳಲ್ಲಿ ಮಾತ್ರ ಕೀಲಿನ ಬಳಿ ಉಜ್ಜದೆ ಬಿಟ್ಟ ಮುಳ್ಳು, ಎರಕದ ಗೆರೆ ಉಳಿದಿರುತ್ತವೆ. ಕೊಳ್ಳುವಾಗ ಒಂದಿಷ್ಟು ಹತ್ತಿಯನ್ನು ಸರಳಿನುದ್ದಕ್ಕೂ, ಕೀಲಿನ ಸುತ್ತಲೂ ಸವರಿ ನೋಡಬೇಕು. ಹತ್ತಿಯ ಎಳೆ ಎಲ್ಲಿ ಸಿಕ್ಕಿತೋ ಅಲ್ಲಿ ನಾಲಿಗೆಯೂ ಸಿಗುತ್ತದೆ. ಹಳೆಯ ಬಿಟ್‌ಗೂ ತಿಂಗಳಿಗೊಮ್ಮೆ ಇದೇ ಪರೀಕ್ಷೆ.

ಕುದುರೆ ನಿಲ್ಲುತ್ತಿಲ್ಲವೆಂದು ಸ್ನ್ಯಾಫಲ್ ಬಿಟ್ಟು ಸನ್ನೆಕೋಲಿನ ಬಿಟ್‌ಗೆ ಹೋಗುವವರಿದ್ದಾರೆ. ಉದ್ದ ಕಡ್ಡಿ, ಗದ್ದದಡಿಯ ಸರಪಳಿ ಇರುವ ಈ ಜಾತಿಯಲ್ಲಿ ಕೈಯ ಎಳೆತ ಹಲವು ಪಟ್ಟಾಗಿ ದವಡೆ ತಲುಪುತ್ತದೆ. ಪಳಗಿದ ಕುದುರೆಯ ಮೇಲೆ ಪಳಗಿದ ಸವಾರ ಎರಡು ಬೆರಳಲ್ಲಿ ಬಳಸಲೆಂದು ಮಾಡಿದ ಸಾಧನ ಅದು. ಹೆದರಿದ ಕೈಗೆ ಕೊಟ್ಟರೆ ಗಾಯ ಖಚಿತ. ಇದಕ್ಕೂ ಕೆಟ್ಟದ್ದು ನಮ್ಮ ದೇಶದಲ್ಲಿ ಟಾಂಗಾ, ಮದುವೆ ಕುದುರೆಗಳ ಬಾಯಲ್ಲಿ ಕಾಣಸಿಗುವ ಮುಳ್ಳಿನ ಕಡಿವಾಣ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಹಿಂಸೆ ತಡೆಯುವ 1965ರ ಕೇಂದ್ರ ನಿಯಮಾವಳಿಯ 8ನೇ ನಿಯಮ, ಸವಾರಿಗಾಗಲಿ ಗಾಡಿಗಾಗಲಿ ಮುಳ್ಳು, ಗುಬುಟುಗಳಿರುವ ಕಡಿವಾಣ ಬಳಸುವುದನ್ನು ನಿಷೇಧಿಸಿದೆ. ಆರು ದಶಕ ಕಳೆದರೂ ಪ್ರಾಣಿದಯಾ ಸಂಘಟನೆಗಳು ಅವನ್ನು ವಶಪಡಿಸಿಕೊಳ್ಳುತ್ತಲೇ ಇವೆ. ‘ಸಂಪ್ರದಾಯ’ ಎಂಬ ಸಮಜಾಯಿಷಿ ಇಲ್ಲಿ ಸಲ್ಲದು; ಕಾನೂನಿನ ಮಾತು ಸ್ಪಷ್ಟವಾಗಿದೆ.

ಮೂಗುಪಟ್ಟಿಯನ್ನು ಮರೆತು ಬಿಟ್ ಆರಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಮೂಗಿನ ಮೂಳೆಗೂ ಪಟ್ಟಿಗೂ ನಡುವೆ ಎರಡು ಬೆರಳು ಆಡಬೇಕೆಂಬುದು ತಲೆತಲಾಂತರದ ಮಾತು. ಯಾರ ಬೆರಳು ಎಂಬ ಜಗಳ ಮಾತ್ರ ತೀರಿರಲಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಪರ್ಧೆಗಳಲ್ಲಿ ಬಿಗಿತ ಅಳೆಯಲು ಒಂದೇ ಅಳತೆಯ ಸಾಧನವನ್ನು ಜಾರಿಗೆ ತಂದಿತು. ಮನೆಯ ಲಾಯದಲ್ಲಿ ಬೆರಳೇ ಸಾಕು, ಪ್ರಾಮಾಣಿಕವಾಗಿ ಇಟ್ಟರೆ. ಬಿಗಿದ ಪಟ್ಟಿ ಬಾಯಿಯ ದೂರನ್ನು ಮುಚ್ಚಿಡುತ್ತದೆ, ಕಾರಣವನ್ನು ತೆಗೆಯುವುದಿಲ್ಲ.

ಬಾಯಿಗೆ ಏನನ್ನೂ ಹಾಕದ ಹಾದಿಯೂ ಇದೆ. ಮೂಗಿನ ಮೇಲಿನ ಪಟ್ಟಿಯಿಂದ, ಬದಿಯ ಎಳೆತದಿಂದ ನಡೆಸುವ ಬಿಟ್‌ರಹಿತ ಲಗಾಮುಗಳನ್ನು ಜಂಪಿಂಗ್ ಸ್ಪರ್ಧೆಯಲ್ಲಿ ಒಪ್ಪುತ್ತಾರೆ, ಅಂತರರಾಷ್ಟ್ರೀಯ ಡ್ರೆಸಾಜ್‌ನಲ್ಲಿ ಇನ್ನೂ ಒಪ್ಪುವುದಿಲ್ಲ. ಬಾಯಿಯ ಹುಣ್ಣು ಮಾಯುವ ತನಕ ಕೆಲಸ ನಿಲ್ಲಿಸಲಾಗದ ಕುದುರೆಗೆ ಇದು ಒಳ್ಳೆಯ ದಾರಿ. ಆದರೆ ಇವುಗಳಲ್ಲೇ ಒಂದಾದ ಸನ್ನೆಕೋಲಿನ ಹ್ಯಾಕಮೋರ್ ಮೂಗಿನ ಮೇಲೆ ಬಿಗಿದು ಎಳೆದರೆ ಅದೂ ನೋಯಿಸುತ್ತದೆ. ಮೂಗಿನ ತುದಿಯ ಮೂಳೆ ಬಲು ತೆಳು. ಬಿಟ್ ಇಲ್ಲ ಎಂದಾಕ್ಷಣ ನೋವಿಲ್ಲ ಎಂದು ತಿಳಿಯಬಾರದು.

ಮೊದಲು ಹೇಳಿದ ರೇಸಿನ ಕುದುರೆಗೆ ಇದೆಲ್ಲದರಿಂದ ಒಂದು ಕ್ರಮ ಹೊಳೆಯುತ್ತದೆ. ಹಲ್ಲು ನೋಡಿಸಿ, ಗಾಯವಿದ್ದರೆ ಮಾಯಲು ಬಿಟ್ಟು, ಬಳಿಕ ಸುಮಾರು 14ರಿಂದ 16 ಮಿಲಿಮೀಟರಿನ, ಎರಡು ಕೀಲಿನ, ಸ್ಥಿರ ಬಳೆಯ ಸ್ನ್ಯಾಫಲ್‌ನಿಂದ ಶುರುಮಾಡುವುದು. ಮೊದಲು ಲಾಯದಲ್ಲಿ ಲಗಾಮಿಲ್ಲದೆ ಬಾಯಲ್ಲಿಟ್ಟು ನೋಡುವುದು, ಮತ್ತೆ ನೆಲದ ಮೇಲಿನ ಪಾಠ, ಆಮೇಲೆ ಸವಾರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬಿಟ್, ಮೂಗುಪಟ್ಟಿ, ಸವಾರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹೊಸಬರನ್ನು ಅದರ ಮೇಲೆ ಕೂರಿಸಿದಾಗ ಲಗಾಮು ಕೊಡದೆ, ಶಿಕ್ಷಕರ ಕೈಯ ಉದ್ದ ಹಗ್ಗದಲ್ಲಿ ಸುತ್ತಿಸುವುದು ಒಳ್ಳೆಯದು. ಕೂರುವುದು ಬಂದಮೇಲೆ ಲಗಾಮು. ಈ ಕ್ರಮಕ್ಕೆ ತಿಂಗಳುಗಳೇ ಬೇಕು, ಶಾಲೆಗಳಿಗೆ ಅಷ್ಟು ವ್ಯವಧಾನವಿರುವುದು ಅಪರೂಪ ಎನ್ನುವುದೂ ನಿಜ.

ಕುದುರೆ ಇಟ್ಟುಕೊಂಡವರು, ಮಕ್ಕಳನ್ನು ಸವಾರಿಗೆ ಕಳಿಸುವವರು ಒಂದು ಕೆಲಸ ಮಾಡಬಹುದು. ವಾರಕ್ಕೊಮ್ಮೆ ಕಡಿವಾಣ ಬಿಚ್ಚಿದ ಮೇಲೆ, ಗೊತ್ತಿದ್ದವರ ನೆರವಿನಿಂದ, ತುಟಿ ಎತ್ತಿಸಿ ಎರಡೂ ಬದಿಯ ವಸಡು, ಕಟವಾಯಿಯ ಒಳಭಾಗ, ನಾಲಿಗೆಯ ಅಂಚು ನೋಡಿ. ಕೆಂಪು, ಗೀರು, ನೀಲಿಗಟ್ಟಿದ ಕಲೆ ಕಂಡರೆ ಹೊಸ ಬಿಟ್ ಹುಡುಕಲು ಹೋಗಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬಂದು ನೋಡುವ ತನಕ ಆ ಬಾಯಿಗೆ ಲೋಹ ಬೇಡ.